ಕೋವಿಯನ್ನು ಕಣ್ಣಿಗೊತ್ತಿಕೊಳ್ಳದ ಶುಕ್ರವಾರ

ಕಬ್ಬಿಣದ ತಟ್ಟೆಗೆ ಗುಂಡು ತಾಗಿದರೆ ಟಣ್ ಎನ್ನುತ್ತದೆ. ಆ ಸದ್ದನ್ನು ನಾನೇ, ಈ ಕೈಯಿಂದಲೇ ಮಾಡಿದ್ದೇನೆ ಎಂದು ಬರೆಯುವಾಗ ಈಗಲೂ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಸೊಟ್ಟಗಾದರೆ ಆಗಲಿ, ಹೇಳದೆ ಇರಲಾರೆ.

ಊರಲ್ಲಿ ನನ್ನ ಕೆಲಸ ಬೀಡಿ ಕಟ್ಟುವುದು. ಬಂಟ್ವಾಳದ ಕಡೆ ನಮ್ಮಂಥ ಹೆಂಗಸರು ತುಂಬ ಜನ. ಮಗಳು ನರ್ಸ್ ಆಗಿ ಅರಬರ ದೇಶದ ಅಲ್ ಐನ್ ಎಂಬ ಊರಿನ ಆಸ್ಪತ್ರೆಯೊಂದಕ್ಕೆ ಸೇರಿ, ಆಮೇಲೆ ನನ್ನನ್ನೂ ಕರೆಸಿಕೊಂಡಳು. ಮೊಮ್ಮಗಳು ಅಲ್ಲೇ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಚಳಿಗಾಲದಲ್ಲಿ ಅವಳಿಗೆ ಹೊಸ ಹುಚ್ಚು ಹತ್ತಿತು. ಹಳೆಯ ಅಮೆರಿಕದ ದನಗಾಹಿಗಳ ಹಾಗೆ ವೇಷ ಹಾಕಿಕೊಂಡು, ಆ ಕಾಲದ ಮಾದರಿಯ ಕೋವಿ ಹಿಡಿದು, ಯಾರು ಬೇಗ ಗುರಿ ಹೊಡೆಯುತ್ತಾರೆ ಎಂದು ನೋಡುವ ಆಟ. ಕೌಬಾಯ್ ಶೂಟಿಂಗ್ ಎನ್ನುತ್ತಾರೆ. ದುಬೈ ರಸ್ತೆಯಲ್ಲಿ ಮರಳ ದಿಬ್ಬಗಳ ನಡುವೆ ಒಂದು ಕ್ಲಬ್ಬು. ಕೋವಿ, ಗುಂಡು ಎಲ್ಲ ಅಲ್ಲೇ ಬೀಗದೊಳಗೆ, ಮನೆಗೆ ಏನೂ ಬರುವುದಿಲ್ಲ. ಆದರೂ ಮಗಳಿಗೆ ಹೆದರಿಕೆ. ಅಜ್ಜಿ ಜತೆಗಿದ್ದರೆ ಮಾತ್ರ ಹೋಗು ಎಂದಳು. ಹಾಗೆ ನಾನು ಕಾವಲಿಗೆಂದು ಹೋದವಳು.

ಹೋದವಳು ಬೆಂಚಿನ ಮೇಲೆ ಎಷ್ಟು ದಿನ ಸುಮ್ಮನೆ ಕುಳಿತಿರಲಿ? ಒಬ್ಬರು ಸಲೂನು ಎನ್ನುವ ಹೆಂಡದಂಗಡಿಯ ಬಾಗಿಲಿನಿಂದ ಬಂದು ಹೊಡೆಯುತ್ತಾರೆ, ಇನ್ನೊಬ್ಬರು ಮರದ ಕುದುರೆಯ ಮೇಲೆ ಕುಳಿತು. ಎಲ್ಲ ಹಲಗೆಯ ನಾಟಕದ ಮನೆಗಳೇ. ಹೊಡೆಯುವ ಮೊದಲು ಏನಾದರೂ ಒಂದು ಡೈಲಾಗ್ ಹೇಳಬೇಕು, ಆಗ ಗಡಿಯಾರ ಶುರುವಾಗುತ್ತದೆ. ನನ್ನ ಕಾಲು ತನ್ನಷ್ಟಕ್ಕೇ ಕುಣಿಯುತ್ತಿತ್ತು. ಇದನ್ನು ನೋಡಿದ ಅಲ್ಲಿಯ ಗುರು ನನ್ನನ್ನೂ ಕರೆದ. ಅವನು ಆ ದೇಶದವನೇ, ಹಿಂದೆ ಸೈನ್ಯದಲ್ಲಿದ್ದವನು. ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು, ನನ್ನನ್ನು ಮೊಮ್ಮಗಳ ಹಾಗೆ ಅಜ್ಜಿ ಎಂದೇ ಕರೆಯುತ್ತಿದ್ದ.

ಅಲ್ಲಿ ಹಳೆಯ ಕಾಲದ ಉಡುಪು ಕಡ್ಡಾಯ. ಮೊಮ್ಮಗಳು ಉದ್ದ ಲಂಗ ತಂದಳು, ನಾನು ಸೀರೆ ಬಿಡಲಿಲ್ಲ. ಆ ಕಾಲದಲ್ಲಿ ಸೀರೆ ಇರಲಿಲ್ಲವಾ ಎಂದು ಅವಳು ಇಂಗ್ಲಿಷಿನಲ್ಲಿ ವಾದ ಮಾಡಿ ಗೆದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೂಟು ಹಾಕಿ, ತಲೆಗೆ ಅಗಲದ ಟೋಪಿ. ಕನ್ನಡಿಯಲ್ಲಿ ನೋಡಿ ನನಗೇ ನಗು ತಡೆಯಲಾಗಲಿಲ್ಲ. ಪ್ರತಿಯೊಬ್ಬರಿಗೂ ಒಂದು ಆಟದ ಹೆಸರು ಇಡುತ್ತಾರೆ. ನನಗೆ ಬೀಡಿ ಅಜ್ಜಿ ಎಂದೇ ಇಟ್ಟರು. ಎಲೆಯ ತುದಿ ಮಡಚಿ ನೂಲು ಸುತ್ತಿದ ಬೆರಳಲ್ಲವೇ, ರೈಫಲ್ಲಿನ ಪಕ್ಕದ ಕಿಂಡಿಗೆ ಗುಂಡು ತುಂಬುವುದು ನೋಡದೆಯೇ ಬಂದುಬಿಟ್ಟಿತು. ಕಲಿಯುವಾಗೆಲ್ಲ ಗುರುವೇ ಕೋವಿಯನ್ನು ಎತ್ತಿ ಕೈಗೆ ಕೊಡುತ್ತಿದ್ದ, ಏನೂ ತೊಂದರೆ ಬರಲಿಲ್ಲ.

ತೊಂದರೆಯಾದದ್ದು ಮೊದಲ ಪಂದ್ಯದ ದಿನ. ಅಂದು ಕೋವಿಯನ್ನು ನಾನೇ ಮೇಜಿನಿಂದ ತೆಗೆದುಕೊಳ್ಳಬೇಕಿತ್ತು. ಊರಲ್ಲಿ ದಿನಾ ಬೆಳಗ್ಗೆ ಬೀಡಿಯ ಕತ್ತರಿಯನ್ನು ಕಣ್ಣಿಗೊತ್ತಿಕೊಂಡೇ ಕೆಲಸ ಶುರು. ಅನ್ನ ಕೊಡುವ ಸಾಮಾನಿಗೆ ಅಷ್ಟೂ ಮಾಡದಿದ್ದರೆ ಹೇಗೆ? ನಾನು ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ. ಗುಂಡು ಹೊರಡುವ ನಳಿಗೆ ಪಕ್ಕದವನ ಟೋಪಿಯ ಕಡೆಗೆ ತಿರುಗಿತು.

ಗುಂಡು ತುಂಬಿರಲಿಲ್ಲ. ಆದರೆ ಅಲ್ಲಿ ಖಾಲಿ ಕೋವಿಯನ್ನೂ ತುಂಬಿದ ಕೋವಿ ಎಂದೇ ನೋಡಬೇಕು, ನಳಿಗೆ ಗುರಿಯ ಹಿಂದಿನ ಮರಳ ದಿಬ್ಬದ ಕಡೆಗೇ ಇರಬೇಕು. ಗುರು ನನ್ನ ಕೈಯಿಂದ ಅದನ್ನು ಮೆಲ್ಲಗೆ ತೆಗೆದಿಟ್ಟ.

"ಖಲಾಸ್ ಅಜ್ಜಿ," ಎಂದ.

ಅಂದಿನ ಆಟ ಅಷ್ಟಕ್ಕೇ ಮುಗಿಯಿತು. ಇನ್ನೊಂದು ಸಲ ಹೀಗಾದರೆ ನನಗೆ ಬೆಂಚು ಮಾತ್ರ, ಕೋವಿ ಇಲ್ಲ ಎಂದೂ ಹೇಳಿದ. ಅವನು ಹೇಳಿದ್ದು ಸರಿಯೇ. ಆದರೆ ಕಾರಿನಲ್ಲಿ ನನಗೆ ಒಂದೇ ಯೋಚನೆ. ಈ ವಯಸ್ಸಿನಲ್ಲಿ ಹೊಸತಾಗಿ ಸಿಕ್ಕಿದ ಖುಷಿ, ಅದೂ ಹೋಗುತ್ತದಾ?

ಮೊಮ್ಮಗಳು, "ಸಿಂಪಲ್ ಅಜ್ಜಿ, ಜಸ್ಟ್ ಡೋಂಟ್ ಡೂ ಇಟ್," ಎಂದಳು. ಸಿಂಪಲ್ ಅಂತೆ! ಮನೆಯಲ್ಲಿ ಲಟ್ಟಣಿಗೆ ಹಿಡಿದು ಅಭ್ಯಾಸ ಮಾಡಿದೆ. ಹಿಡಿದ ಕೂಡಲೇ ಅದು ಕಣ್ಣಿನ ಹತ್ತಿರ. ಕೈಗೆ ಎಷ್ಟು ಹೇಳಿದರೂ ಕೇಳಬೇಕಲ್ಲ.

ಮಗಳು ಡ್ಯೂಟಿಯಿಂದ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು, ಮೊಮ್ಮಗಳು ನಡೆದದ್ದನ್ನೆಲ್ಲ ಹೇಳಿದಳು. ನಿಮಗೆಂಥ ಮರ್ಲಾ ಎಂದು ಬೈಯುತ್ತಾಳೆ ಅಂದುಕೊಂಡೆ, ಈ ಹುಚ್ಚು ಅವಳಿಗೆ ಮೊದಲೇ ಇಷ್ಟವಿರಲಿಲ್ಲ. ಅವಳು ಬ್ಯಾಗು ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಅಮ್ಮ, ಅದನ್ನು ಬಿಡ್ಲಿಕ್ಕೆ ಆಗುದಿಲ್ಲ. ನನಗೂ ಆಗ್ಲಿಲ್ಲ," ಎಂದಳು. "ಆಪರೇಷನ್ ಥಿಯೇಟರಲ್ಲಿ ಕೈ ತೊಳೆದ ಮೇಲೆ ಎಂಥದ್ದನ್ನೂ ಮುಖಕ್ಕೆ ತಾಗಿಸ್ಲಿಕ್ಕಿಲ್ಲ. ಹಾಗಾಗಿ ನಾನು ಕೈ ತೊಳೆಯುವ ಮೊದಲೇ ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಳ್ತೇನೆ. ಈಗ್ಲೂ, ದಿನಾ. ನೀವು ಮೇಜು ಮುಟ್ಟಿ. ಕೋವಿ ಇದ್ದಲ್ಲೇ ಇರ್ಲಿ."

ಇಷ್ಟು ವರ್ಷ ನನಗಿದು ಗೊತ್ತೇ ಇರಲಿಲ್ಲ. ಅಷ್ಟು ಓದಿದವಳು, ದೊಡ್ಡ ದೊಡ್ಡ ಡಾಕ್ಟರುಗಳ ಜತೆ ನಿಲ್ಲುವವಳು, ನನ್ನ ಬೀಡಿ ಕತ್ತರಿಯ ನಮಸ್ಕಾರವನ್ನು ಸಮುದ್ರ ದಾಟಿಸಿ ಇಟ್ಟುಕೊಂಡಿದ್ದಳು! ಅಡುಗೆಮನೆಯ ಕಟ್ಟೆಯ ಮೇಲೆ ಲಟ್ಟಣಿಗೆ ಇಟ್ಟು ಇಬ್ಬರೂ ಅಭ್ಯಾಸಕ್ಕೆ ನಿಂತೆವು. ಮೊದಲು ಕಟ್ಟೆ, ಆಮೇಲೆ ಕಣ್ಣು, ಆಮೇಲೆ ಲಟ್ಟಣಿಗೆ. ಚಪಾತಿ ತಡವಾಯಿತು.

ಮುಂದಿನ ಪಂದ್ಯ ಒಂದು ಶುಕ್ರವಾರ, ಮಗಳು ರಜೆ ಹಾಕಿ ಬಂದಳು. ನನ್ನ ಸರದಿ ಬಂದಾಗ ಗುರುವಿನ ಕಣ್ಣು ನನ್ನ ಕೈಯ ಮೇಲೇ. ನಾನು ಮೇಜಿನ ಅಂಚು ಮುಟ್ಟಿ, ಬರಿಗೈಯನ್ನು ಕಣ್ಣಿಗೊತ್ತಿಕೊಂಡು, ನಳಿಗೆ ದಿಬ್ಬದ ಕಡೆಗೇ ಇರುವಂತೆ ರೈಫಲ್ ಎತ್ತಿದೆ. ಗುಂಡು ತುಂಬಿದೆ. ಗುರು ಶುರು ಮಾಡು ಎಂದು ತಲೆಯಾಡಿಸಿದ. "ಯಲ್ಲಾ ಅಜ್ಜಿ."

ಅಂದಿನ ಡೈಲಾಗ್ ಇಂಗ್ಲಿಷಿನಲ್ಲಿತ್ತು, ಕುದುರೆ ಕದ್ದವನನ್ನು ಕೇಳುವುದು. ನಾನು ನಮ್ಮ ಭಾಷೆಯಲ್ಲೇ ಕೇಳಿದೆ: "ನನ್ನ ಕುದುರೆ ಕದ್ದದ್ದು ಯಾರು ಮಾರಾಯಾ?"

ಪೀಂ ಎಂದಿತು ಗಡಿಯಾರ. ಕೋವಿಯ ಕೆಳಗಿನ ಲಿವರ್ ಎಳೆದು ಗುಂಡು ಏರಿಸಿದೆ, ಹೊಡೆದೆ. ಟಣ್! ಮತ್ತೆ ಎಳೆದೆ. ಟಣ್! ಒಂದು ತಟ್ಟೆ ತಪ್ಪಿತು, ತಪ್ಪಲಿ, ನಿಲ್ಲಲಿಲ್ಲ. ಉಳಿದ ತಟ್ಟೆಗಳೆಲ್ಲ ಹಾಡಿದವು. ಹಿಂದಿನಿಂದ ಯಾರೋ ಕೂಗಿದರು. ಮಗಳ ದನಿಯೇ. ತಿರುಗಿ ನೋಡಲು ಕುತ್ತಿಗೆ ಹಾತೊರೆಯಿತು, ತಿರುಗಲಿಲ್ಲ. ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿ, ಗುರು ಖಾಲಿ ಎಂದು ನೋಡಿ ಹೇಳುವ ತನಕ ಕಂಬದ ಹಾಗೆ ನಿಂತೆ. ಅವನು ಮುಂದಿನ ಪಂದ್ಯದ ಪಟ್ಟಿಗೆ ನನ್ನನ್ನು ಅಲ್ಲೇ ಸೇರಿಸಿಬಿಟ್ಟ. ಗೆದ್ದವರು ಬೇರೆ ಯಾರೋ, ನಾನು ಕೆಳಗಿನಿಂದ ಲೆಕ್ಕ ಹಾಕಿದರೆ ಬೇಗ ಸಿಗುತ್ತೇನೆ. ಅದರ ಚಿಂತೆ ಯಾರಿಗೆ?

ಹೊರಡುವಾಗ ಟೋಪಿ ಕಾಣಲಿಲ್ಲ. ಬೆಂಚಿನ ಕೆಳಗೆಲ್ಲ ಹುಡುಕಿ ಕಾರಿಗೆ ಬಂದರೆ ಮಗಳು ಸ್ಟೇರಿಂಗ್ ಹಿಡಿದು ಕುಳಿತಿದ್ದಾಳೆ, ಟೋಪಿ ಅವಳ ತಲೆಯ ಮೇಲೆ. ಕೊಡು ಎಂದೆ.

"ಅಲ್ ಐನ್ ಮುಟ್ಟುವವರೆಗೆ ಇರ್ಲಿ ಅಮ್ಮ," ಎಂದು ಅವಳು ಕನ್ನಡಿ ಸರಿಮಾಡಿಕೊಂಡಳು.