ಸಾಲ ತೀರಿಸಿ ಸಿಕ್ಕಿಬಿದ್ದವನು

ಹನ್ನೆರಡು ವರ್ಷದಿಂದ ಆ ಸರ್ಕಾರಿ ಕಟ್ಟಡದ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ನನ್ನು ಎಲ್ಲರೂ ಎಣ್ಣೆಡಬ್ಬಿ ಎಂದೇ ಕರೆಯುತ್ತಿದ್ದರು. ಅವನಿಗೆ ಅದರಿಂದ ಬೇಜಾರೇನಿರಲಿಲ್ಲ. ಐದನೆಯ ಮಹಡಿಯಲ್ಲಿ ಸರ್ಕಾರದ ಗುಟ್ಟಿನ ಕಡತಗಳಿದ್ದವು. ಲಿಫ್ಟಿನ ಮೋಟಾರು ಇದ್ದದ್ದು ಸರಿಯಾಗಿ ಅದರ ನೆತ್ತಿಯ ಮೇಲೆ. ಅಲ್ಲಿಗೆ ಹತ್ತಲು ಹಸಿರು ಪಾಸು ಬೇಕು. ಐದು ವರ್ಷಕ್ಕೊಮ್ಮೆ ಪೂರ್ವಾಪರ ವಿಚಾರಿಸಿ ಅದನ್ನು ಹೊಸದು ಮಾಡಿಕೊಡುತ್ತಿದ್ದರು. ಪಾಸು ಹೋದರೆ ಅಲ್ಲಿನ ಕೆಲಸವೂ ಹೋದಂತೆ.

ಈ ಸಲದ ಅರ್ಜಿ ಬಂದಾಗ ಅವನ ತಲೆಯ ಮೇಲೆ ಬ್ಯಾಂಕಿನ ಸಾಲವಿತ್ತು. ಹೆಂಡತಿಯ ಬೆನ್ನಿನ ಆಪರೇಷನ್ನಿಗೆ ತಂದದ್ದು. ಒಂದು ಕಂತೂ ತಪ್ಪಿರಲಿಲ್ಲ.

"ಸಾಲ ಇರೋರಿಗೆ ಪಾಸ್ ಕೊಡಲ್ಲ ಕಣೋ," ಎಂದ ಸ್ಟೋರ್ ಕೀಪರ್, ಬೋಲ್ಟುಗಳನ್ನು ಎಣಿಸಿಕೊಡುತ್ತಾ. "ದುಡ್ಡಿಗೆ ಬಾಯಿ ಬಿಡೋನು ಗುಟ್ಟು ಮಾರ್ತಾನೆ ಅಂತ ಅವರ ಲೆಕ್ಕ."

"ನಾನೇನ್ ಮಾರ್ಲಿ? ಗ್ರೀಸಾ?"

"ಅದನ್ನ ಅವರಿಗೆ ಹೇಳು."

ಅವರನ್ನೇ ಕೇಳಬಹುದಿತ್ತು. ಅವನಿಗೆ ಹೊಳೆಯಲಿಲ್ಲ. ನೇರ ಅಕ್ಕನ ಮನೆಗೆ ಹೋದ. ಅಕ್ಕ ತನ್ನ ನಾಲ್ಕು ಬಳೆಗಳನ್ನು ಪಕ್ಕದ ಮನೆಯಾಕೆಗೆ ಮಾರಿ, ಚೀಟಿಯಿಲ್ಲ ರಸೀದಿಯಿಲ್ಲ, ಹಣವನ್ನು ಅವನ ಕೈಗಿಟ್ಟಳು.

"ನಿಮ್ಮ ಭಾವನ ಕಿವಿಗೆ ಬೀಳಬಾರದು ನೋಡು. ಬಿದ್ರೆ ಈ ಮನೇಲಿ ನನಗೆ ಜಾಗ ಇರಲ್ಲ."

ಅವನು ಮರುದಿನವೇ ಸಾಲ ತೀರಿಸಿದ. ಅರ್ಜಿಯ ಸಾಲದ ಕಾಲಮ್ಮಿನಲ್ಲಿ 'ಇಲ್ಲ' ಎಂದು ದುಂಡಗೆ ಬರೆದ.

ಮೂರು ವಾರದ ಮೇಲೆ ತನಿಖೆಯ ಅಧಿಕಾರಿ ಕರೆಸಿದರು. ಐವತ್ತು ದಾಟಿದ ಹೆಂಗಸು. ಮೇಜಿನ ಗಾಜಿನಡಿ ಹಳೆಯ ರಜಾಪಟ್ಟಿ, ಪಕ್ಕದಲ್ಲಿ ಅವನ ಬ್ಯಾಂಕಿನ ಕಾಗದ.

"ಸಾಲ ಇತ್ತಲ್ವಾ?"

"ತೀರಿಸ್ಬಿಟ್ಟೆ ಮೇಡಂ."

"ಯಾಕೆ?"

ಸಾಲ ತೀರಿಸಿದ್ದಕ್ಕೆ ಕಾರಣ ಕೇಳುವವರನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಸಾಲ ಇದ್ರೆ ಪಾಸ್ ಸಿಗಲ್ಲ ಅಂದ್ರು."

"ಯಾರ್ರೀ ಅಂದಿದ್ದು? ಆಸ್ಪತ್ರೆ ಸಾಲ, ಕಂತು ಸರಿಯಾಗಿ ಕಟ್ತಿದ್ರಿ. ಹಾಗೇ ಬರೆದಿದ್ರೆ ಅವತ್ತೇ ಸಹಿ ಹಾಕ್ತಿದ್ದೆ. ಈಗ ನಿಮ್ಮ ಏಳು ತಿಂಗಳ ಸಂಬಳ ಒಂದೇ ದಿನ ನಗದಾಗಿ ಕಟ್ಟಿದೀರಿ. ಎಲ್ಲಿಂದ ಬಂತು?"

"ಸಂಬಂಧಿಕರು ಕೊಟ್ರು."

"ಅವರ ಕೈಲಿ ಪತ್ರ ಬರೆಸ್ಕೊಂಡು ಬನ್ನಿ. ನಮ್ಮವರು ಅವರ ಮನೆಗೆ ಹೋಗಿ ಎಲ್ಲರನ್ನೂ ವಿಚಾರಿಸ್ತಾರೆ. ಸೋಮವಾರದೊಳಗೆ."

ಅಕ್ಕ ಬಟ್ಟೆ ಒಣಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಮನೆಗೇ ಬರ್ತಾರಾ?"

"ಬರ್ತಾರೆ. ಭಾವನ್ನೂ ಕೇಳ್ತಾರಂತೆ."

ಅವಳು ಒಂದೇ ಅಂಗಿಯನ್ನು ಮೂರು ಸಲ ಕೊಡವಿದಳು. "ಬರೀತೀನಿ ಬಿಡು. ನಿನ್ನ ಹೊಟ್ಟೆಪಾಡು," ಎಂದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಬೇಡಕ್ಕ."

ದಾರಿಯುದ್ದಕ್ಕೂ ಅವನಿಗೆ ಮೈ ಉರಿಯುತ್ತಿತ್ತು. ಸ್ಟೋರ್ ಕೀಪರನ ಮೇಲೆ, ಆ ಕಾಲಮ್ಮಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಕೆಟ್ಟದ್ದು ಮಾಡಿ ಉಣ್ಣುವುದಾದರೆ ಸರಿ, ಸಾಲ ತೀರಿಸಿ ಉಣ್ಣುವುದು ಯಾವ ನ್ಯಾಯ?

ಸೋಮವಾರ ಬರಿಗೈಯಲ್ಲಿ ಹೋಗಿ ನಿಂತ.

"ನೀವು ಕಳ್ಳ ಅಂತ ನಾನು ಹೇಳ್ತಿಲ್ಲ," ಎಂದರು ಅಧಿಕಾರಿ. "ಆದ್ರೆ ಗೊತ್ತಿಲ್ಲದ್ದಕ್ಕೆ ಹೇಗೆ ಸಹಿ ಹಾಕ್ಲಿ? ಯಾರು ಕೊಟ್ರು ಅಂತ ಹೇಳಿ ಸಾಕು, ಮನೆಗೆ ಹೋಗಿ ವಿಚಾರಿಸೋದು ನಮ್ಮವರು ನೋಡ್ಕೋತಾರೆ."

"ಹೇಳಕ್ಕಾಗಲ್ಲ ಮೇಡಂ."

ಅವನು ಪಾಸನ್ನು ಗಾಜಿನ ಮೇಲಿಟ್ಟ. ವಾರದೊಳಗೆ ಊರಾಚೆಯ ಗೋದಾಮಿಗೆ ಹಾಕಿದ ಆದೇಶ ಬಂತು. ಸಾಮಾನು ಸಾಗಿಸುವ ಒಂದೇ ಲಿಫ್ಟು, ಸಂಬಳದಲ್ಲಿ ಕಾಲುಭಾಗ ಖೋತಾ.

ಹೆಂಡತಿ ಆದೇಶವನ್ನು ಎರಡು ಸಲ ಓದಿದಳು. "ಬಳೆ ಕೊಂಡೋರು ಅದನ್ನ ಕರಗಿಸೋಕೆ ಮುಂಚೆ ಹೋಗಿ ಮಾತಾಡಿ. ತಿಂಗಳಿಗಿಷ್ಟು ಅಂತ ಕೊಟ್ಟು ವಾಪಸ್ ತಗೋತೀವಿ ಅನ್ನಿ."

"ಮತ್ತೆ ಸಾಲಾನೇ ಆಯ್ತಲ್ಲೇ."

"ಆಗ್ಲಿ ಬಿಡಿ," ಎಂದಳು ಅವಳು. "ಸಾಲ ಇದ್ದಾಗ ನಮಗೆ ಯಾರೂ ಏನೂ ಅಂದಿರಲಿಲ್ಲ."