ಔಕೆಯ ಎರಡನೆಯ ಅಂಗಿ

ಮಳೆಕೋಟು ಮಾರುವವನ ಪಾಡು ವಿಚಿತ್ರ. ಬಿಸಿಲಿದ್ದ ದಿನ ಅದು ಯಾರಿಗೂ ಬೇಡ. ಮಳೆಯಿದ್ದ ದಿನ ಸಂತೆಗೆ ಬಂದವರೆಲ್ಲ ಆಗಲೇ ಒಂದನ್ನು ತೊಟ್ಟೇ ಬಂದಿರುತ್ತಾರೆ.

ಫ್ರೀಸ್‌ಲ್ಯಾಂಡ್ ಪ್ರಾಂತದ ಲೇವಾರ್ಡನ್ ಪಟ್ಟಣದ ಶುಕ್ರವಾರದ ಸಂತೆಯಲ್ಲಿ ಅಂಗಡಿ ಹಾಕುವ ಔಕೆ ಇದಕ್ಕೊಂದು ಉಪಾಯ ಕಂಡುಕೊಂಡು ಮೂವತ್ತು ವರ್ಷವಾಗಿತ್ತು. ಹೆಂಡತಿ ಯಿಟ್ಸ್ಕೆ ಸರಕನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಮೊದಲೇ ಹೋಗಿ ಗುಡಾರ ಕಟ್ಟುವಳು. ಅವನು ಎಂಥ ಮಳೆಯಿರಲಿ, ಎದುರುಗಾಳಿಯಿರಲಿ, ಹಳ್ಳಿಯಿಂದ ಸೈಕಲ್ಲಿನಲ್ಲೇ ಬರುವನು. ಜನ ಸೇರಿದ ಹೊತ್ತಿಗೆ ಸರಿಯಾಗಿ ಸಂತೆಯ ನಡುವೆ ಇಳಿದು, ನೀರು ಸುರಿಯುವ ಕೋಟು ಬಿಚ್ಚಿ, ಒಳಗಿನ ಗರಿಗರಿ ಅಂಗಿ ತೋರಿಸುವನು. ಬೇರೆ ಮಾತೇ ಬೇಡ, ವ್ಯಾಪಾರ ಅಲ್ಲಿಗೆ ಕುದುರುತ್ತಿತ್ತು.

ಅಂಗಿ ಗರಿಗರಿಯಾಗಿಯೇ ಇರಬೇಕಲ್ಲ, ಆಗತಾನೆ ತೊಟ್ಟದ್ದು. ಕೋಟೇನೋ ಒಳ್ಳೆಯದೇ. ಒಂದು ಹನಿ ನೀರನ್ನು ಒಳಗೆ ಬಿಡುವುದಿಲ್ಲ. ಒಂದು ಹನಿ ಬೆವರನ್ನು ಹೊರಗೂ ಬಿಡುವುದಿಲ್ಲ. ಗಾಳಿಗೆ ಎದೆಯೊಡ್ಡಿ, ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂದು ತುಳಿದು ಬಂದವನ ಬೆನ್ನು ಹಿಂಡುವ ಹಾಗೆ ತೊಯ್ದಿರುತ್ತಿತ್ತು. ಅದಕ್ಕೇ ಚರ್ಚಿನ ಹಿಂದಿನ ಓಣಿಯಲ್ಲಿ ನಿಂತ ವ್ಯಾನಿನೊಳಗೆ ಹೊಕ್ಕು, ಹಲ್ಲು ಕಟಕಟಿಸುತ್ತ ಮೈ ಒರೆಸಿ, ಯಿಟ್ಸ್ಕೆ ಇಸ್ತ್ರಿ ಮಾಡಿ ತೂಗುಹಾಕಿದ ಎರಡನೆಯ ಅಂಗಿ ತೊಟ್ಟು, ಮತ್ತೆ ಅದೇ ಒದ್ದೆ ಕೋಟು ಏರಿಸಿ ಸಂತೆಗೆ ಸವಾರಿ ಬಿಡುವನು. ಕೋಟು ಸೋರುವುದಿಲ್ಲವಲ್ಲ, ಇದರಲ್ಲಿ ಮೋಸವೇನು ಬಂತು ಎಂದು ಮೊದಮೊದಲು ಸಮಾಧಾನ ಹೇಳಿಕೊಳ್ಳುತ್ತಿದ್ದ. ಈಚೆಗೆ ಆ ಸಮಾಧಾನ ಹೇಳಿಕೊಳ್ಳುವುದಕ್ಕೂ ಸುಸ್ತಾಗುತ್ತಿತ್ತು.

ಕಳೆದ ಚಳಿಗಾಲ ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದ್ದ. ಇನ್ನೊಂದು ಸಲ ಹೀಗಾದರೆ ಎದೆ ತಡೆಯಲಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನವೆಂಬರ್ ಬಂತು, ಓರೆಮಳೆ ಹಿಡಿಯಿತು, ಕೆಮ್ಮು ಮತ್ತೆ ಶುರುವಾಯಿತು. ಗುರುವಾರ ರಾತ್ರಿಯ ಊಟದಲ್ಲಿ ಬಟಾಣಿ ಸೂಪು ಬಡಿಸುತ್ತ ಯಿಟ್ಸ್ಕೆ ಅಂದಳು:

“ನಾಳೆ ನನ್ ಜೊತೆ ವ್ಯಾನಲ್ಲಿ ಬಾ.”

“ಮಳೆಕೋಟು ಮಾರೋನೇ ವ್ಯಾನಲ್ಲಿ ಬಂದಿಳಿದ್ರೆ ಕೋಟು ಯಾರು ತಗೋತಾರೆ? ಅಂಗಡಿ ಮುಚ್ಚಬೇಕಷ್ಟೆ.”

“ನೀನೇ ಇಲ್ದಿದ್ರೆ ಅಂಗಡಿ ಯಾರಿಗೆ ಬೇಕು?”

ಅವನು ಸೂಪು ಕುಡಿದು ಮಲಗಿದ.

ಮರುದಿನವೂ ಸೈಕಲ್ಲಿನಲ್ಲೇ ಬಂದ ಔಕೆ ಏದುಸಿರು ಬಿಡುತ್ತ ವ್ಯಾನಿನ ಬಾಗಿಲು ಎಳೆದಾಗ ಒಳಗೆ ಬರಿಯ ಟವೆಲ್ ಇತ್ತು. ಅಂಗಿಯ ಹ್ಯಾಂಗರ್ ಖಾಲಿ. ಹಿಂದೆಯೇ ಯಿಟ್ಸ್ಕೆ ಬಂದು ನಿಂತಳು. ಅಂಗಿ ಮರೆತೆಯಾ ಎಂದು ಕೇಳಿದ.

“ಮರೆತಿಲ್ಲ. ಇಸ್ತ್ರಿ ಮಾಡಿ ಮಾಡಿ ಸಾಕಾಯ್ತು, ಔಕೆ. ನಿನ್ನ ಕೆಮ್ಮು ಕೇಳಿ ಕೇಳಿ ಇನ್ನೂ ಸಾಕಾಯ್ತು.”

ವ್ಯಾನಿನಲ್ಲೇ ಬೆಚ್ಚಗೆ ಕೂತಿರು, ಇವತ್ತಿನ ವ್ಯಾಪಾರ ನಾನೇ ನೋಡಿಕೊಳ್ಳುತ್ತೇನೆ ಎಂದಳು. ಜಗಳವಾಡಬಹುದಿತ್ತು, ಆದರೆ ಅದಕ್ಕೂ ಉಸಿರು ಬೇಕು. ಅವನು ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು, ಸೈಕಲ್ ತಳ್ಳಿಕೊಂಡು ಸಂತೆಗೆ ನಡೆದ.

ಮೀನಿನಂಗಡಿಯ ವಿಬ್ರೆನ್ ವಾಡಿಕೆಯಂತೆ ಮಣೆಯ ಮೇಲೆ ಕತ್ತಿ ಕುಟ್ಟಿದ. “ಬಂತಪ್ಪ ನಮ್ಮ ಬಾತುಕೋಳಿ. ಬಿಚ್ಚಯ್ಯಾ, ನೋಡೋಣ.”

ಜಿಪ್ಪು ಸಿಕ್ಕಿಕೊಂಡಿದೆ ಎನ್ನಬಹುದಿತ್ತು. ಹಾಗೆ ಒಮ್ಮೆ ಅಂದರೆ ಬರುವ ವಾರಕ್ಕೆ ಇನ್ನೊಂದು ನೆವ ಹುಡುಕಬೇಕು. ಔಕೆ ಕೋಟು ಬಿಚ್ಚಿದ. ಅಂಗಿ ಬೆನ್ನಿಗೆ ಅಂಟಿತ್ತು, ಭುಜದಿಂದ ಹಬೆಯೇಳುತ್ತಿತ್ತು.

“ಏನಯ್ಯಾ, ಕೊನೆಗೂ ಸೋರ್ತಾ?”

“ಸೋರಿಲ್ಲ. ಇದು ಬೆವರು. ವಾರವಾರನೂ ಹೀಗೇ ಆಗ್ತಿತ್ತು. ಅಲ್ಲಿ ವ್ಯಾನಲ್ಲಿ ಅಂಗಿ ಬದಲಾಯಿಸ್ಕೊಂಡು ಬರ್ತಿದ್ದೆ.”

ಕೆಲವರು ನಕ್ಕರು. ಇಬ್ಬರು ಹಳೆಯ ಗಿರಾಕಿಗಳು ಕೈಯಲ್ಲಿದ್ದ ಕೋಟನ್ನು ಮೆಲ್ಲಗೆ ಕೆಳಗಿಟ್ಟು ಚೀಸಿನ ಅಂಗಡಿಯತ್ತ ಹೊರಟರು. ಶಾಲೆಯಲ್ಲಿ ಅಡಿಗೆ ಮಾಡುವ ಫೋಕ್ಯೆ ಮಾತ್ರ ನಿಂತಿದ್ದಳು. ಕೋಟು ಒಳಗೆಲ್ಲ ಒದ್ದೆಯಾಗುತ್ತದೆ ಎಂದು ಅವಳು ದೂರು ತಂದಾಗಲೆಲ್ಲ ಔಕೆ ಗಂಭೀರವಾಗಿ ಹೊಲಿಗೆ ಪರೀಕ್ಷಿಸಿ, ಇನ್ನೂ ದುಬಾರಿಯದೊಂದನ್ನು ಕೊಟ್ಟು ಕಳಿಸಿದ್ದ.

“ಹಾಗಾದ್ರೆ ನನ್ ಕೋಟು ತೂತಾಗಿರ್ಲಿಲ್ಲ.”

“ಇಲ್ಲ, ಫೋಕ್ಯೆ.”

“ಒದ್ದೆ ಆಗೋಳು ನಾನೊಬ್ಳೇ ಅಂದ್ಕೊಂಡಿದ್ನಲ್ಲೋ, ಪುಣ್ಯಾತ್ಮ. ಈಗ ಏನ್ ಮಾಡ್ಬೇಕು, ಅದನ್ನಾದ್ರೂ ಹೇಳು.”

ಔಕೆ ಖಾಲಿ ಡಬ್ಬದ ಮೇಲೆ ಕುಸಿದು ಕೂತು ಹೇಳಿದ. ಬೇಗ ಹೊರಡಬೇಕು, ನಿಧಾನ ತುಳಿಯಬೇಕು. ಒಳಗೆ ಹತ್ತಿ ಬೇಡ, ಉಣ್ಣೆ ಇರಲಿ; ಅದು ಒದ್ದೆಯಾದರೂ ಮೈ ಕೊರೆಯುವುದಿಲ್ಲ. ಕತ್ತಿನ ಹತ್ತಿರ ಕೋಟು ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ನಾಲ್ಕು ಹನಿ ಒಳಗೆ ಬಂದರೆ ಬರಲಿ, ಬೆವರಿನಷ್ಟು ಕೆಟ್ಟದ್ದಲ್ಲ.

ಫೋಕ್ಯೆ ಕೋಟುಗಳ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಕೆಳಗೆ ಗಿರಾಕಿಗಿಂತ ಹೆಚ್ಚಾಗಿ ಹುಳುಗಳನ್ನೇ ಕಾಯುತ್ತ ಬಿದ್ದಿದ್ದ ಉಣ್ಣೆ ಬನಿಯನ್ನುಗಳಲ್ಲಿ ಒಂದನ್ನು ಎಳೆದು, ಹಳೆಯ ಕೋಟುಗಳಿಗೆ ಸುಮ್ಮನೆ ಸುರಿದ ದುಡ್ಡನ್ನು ನೆನಪಿಸಿ ಚೆನ್ನಾಗಿ ಚೌಕಾಸಿ ಮಾಡಿ ಒಯ್ದಳು. ವಿಬ್ರೆನ್ನೂ ಒಂದನ್ನು ಮೂಸಿ ನೋಡಿ, ಕುರಿ ವಾಸನೆ ಎಂದ. ನಿನ್ನ ಮೀನು ವಾಸನೆ ಅದನ್ನು ಮುಚ್ಚುತ್ತದೆ, ಕೊಂಡುಕೋ ಎಂದಳು ಯಿಟ್ಸ್ಕೆ. ಕೊಂಡ. ಅಷ್ಟೇ ಅಂದಿನ ವ್ಯಾಪಾರ. ಅಂಗಡಿ ಉಳಿಯಿತೋ ಮುಳುಗಿತೋ ಹೇಳುವಂತಿರಲಿಲ್ಲ.

ಗುಡಾರ ಬಿಚ್ಚಿದ ಮೇಲೆ ಯಿಟ್ಸ್ಕೆ ಸೈಕಲ್ಲಿಗಾಗಿ ವ್ಯಾನಿನಲ್ಲಿ ಜಾಗ ಮಾಡಿದಳು. ಔಕೆ ಬೇಡವೆಂದ. ಉಣ್ಣೆ ಬನಿಯನ್ ತೊಟ್ಟಿದ್ದ.

“ಇವತ್ತು ಯಾರೂ ಕಾಯ್ತಿಲ್ಲ. ನಿಧಾನ ಬರ್ತೀನಿ.”

ಮಳೆ ಹಾಗೇ ಹೊಯ್ಯುತ್ತಿತ್ತು. ಕತ್ತಿನ ಬಳಿ ಕೋಟು ತೆರೆದು, ಕಾಲುವೆಯ ದಂಡೆಯ ಮೇಲೆ ನಡೆದಷ್ಟೇ ನಿಧಾನವಾಗಿ ತುಳಿದ. ಸೈಕಲ್ಲಿಗೆ ತರಕಾರಿ ಚೀಲ ಹೇರಿಕೊಂಡ ಅಜ್ಜಿಯೊಬ್ಬಳು ಗಂಟೆ ಬಾರಿಸಿ ಅವನನ್ನು ಹಿಂದೆ ಹಾಕಿದಳು. ಹಾಕಲಿ ಎಂದು ದಾರಿ ಬಿಟ್ಟ.

ಮನೆ ಮುಟ್ಟುವಾಗ ಸೂಪು ಆರಿಹೋಗಿತ್ತು. ಯಿಟ್ಸ್ಕೆ ಬೈಯದೆ ಅವನ ಕೋಟಿನೊಳಗೆ ಕೈ ತೂರಿಸಿ ಬೆನ್ನು ಮುಟ್ಟಿ ನೋಡಿದಳು. ಎದೆಯ ಹತ್ತಿರ ಒಂದಿಷ್ಟು ಮಳೆ ಇಳಿದಿತ್ತು. ಬೆನ್ನು ಒಣಗಿತ್ತು, ಬೆಚ್ಚಗಿತ್ತು.

“ಮುಂದಿನ ಶುಕ್ರವಾರ ಬೇಗ ಎಬ್ಬಿಸು” ಎಂದ ಔಕೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ.

ಅವಳು ಹೂಂ ಅಂದು ಸೂಪನ್ನು ಮತ್ತೆ ಒಲೆಗಿಟ್ಟಳು.