ಬಲಕ್ಕೆ ಬಿದ್ದ ಹೂ

ಬಿದ್ದದ್ದು ದೇವರ ಬಲಭುಜದ ಹೂ. ಎಡಗಡೆಯದು ಬಿತ್ತೆಂದು ಮಗಳಿಗೆ ಸುಳ್ಳು ಹೇಳಿದವಳು ನಾನು. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದ ಆ ದಿನ ಅವಳ ಫೋನು ಬಾರದೇ ಇದ್ದಿದ್ದರೆ ಈ ಮಾತನ್ನು ಇನ್ನೆಷ್ಟು ವರ್ಷ ನುಂಗಿಕೊಂಡಿರುತ್ತಿದ್ದೆನೋ—

ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಎತ್ತಿದೆ. ಮೈಸೂರಿನಲ್ಲಿ ನೃತ್ಯ ಕಲಿಯುತ್ತಿರುವ ನೀಲಾ.

"ಅವ್ವಾ, ಧಾರವಾಡದಾಗ ಹೊಸಾ ನಮೂನಿ ನೃತ್ಯದ ಉತ್ಸವ ಐತಿ. ಒಂದು ಸಂಜಿ ಪೂರಾ ಕಲಿಯೋ ಹುಡುಗರದ್ದ. ನನ್ನ ಹೆಸರೂ ಬಂದೈತಿ ಬೇ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ದನಿ ಇಳಿಯಿತು. "ದೇವರ ಮುಂದ ನನ್ನ ಪರವಾಗಿ ತಪ್ಪಾತು ಅಂತ ಕೈ ಮುಗಿ. ಅಂವ ಬ್ಯಾಡ ಅಂದ್ರೂ ಬಂದಾಕಿ ನಾನು. ಮೊನ್ನೆ ಕಾಲು ಉಳುಕಿದಾಗೂ ಅದ ನೆನಪಾತು."

ಹೂಂ ಅಂದೆ. ಅಷ್ಟೇ ಅಂದೆ.

ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರ ಏನೇ ಇರಲಿ, ದೇವರಮನೆಯ ಜಗಲಿಯ ಮೇಲಿನ ವೀರಭದ್ರ ದೇವರನ್ನು ಕೇಳದೆ ಮಾಡುವುದಿಲ್ಲ. ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಎಸಳು ಹಚ್ಚಿ, ಹಚ್ಚಿದವಳೊಬ್ಬಳೇ ಕೂತು ಕಾಯಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮೈಸೂರಿನ ನೃತ್ಯ ಶಾಲೆಯವರು ನೀಲಾಳನ್ನು ಮೊದಲ ಸಲ ಕರೆದಾಗ ಹಾಗೆ ಕಾದವಳು ನಾನು. ಅವಳೂ ಅವರಪ್ಪನೂ ಪಡಸಾಲೆಯಲ್ಲಿದ್ದರು. ಬಲಗಡೆಯ ಎಸಳು ಬಿತ್ತು, ನಾನು ಇನ್ನೂ ಕಣ್ಣು ಮುಚ್ಚುವ ಮೊದಲೇ. ಅದನ್ನು ನೀರಲ್ಲಿ ಅದ್ದಿ ಮತ್ತೆ ಹಚ್ಚಿದೆ. ಎಡಗಡೆಯದನ್ನು ಬೆರಳಿನಿಂದ ಕೆಳಗೆ ಜಾರಿಸಿದೆ. ಆಮೇಲೆ ಅವರನ್ನು ಕರೆದೆ.

ಊರವರ ಬಾಯಿಗೆ ಹೆದರಿದೆ ಎಂದರೆ ಅರ್ಧವೇ ನಿಜ. ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು—ಇದು ಇನ್ನರ್ಧ.

ನೀಲಾ ಅಳಲಿಲ್ಲ, ಜಗಳ ಮಾಡಲಿಲ್ಲ. ಜಗಲಿಗೆ ಹಣೆ ಹಚ್ಚಿ ಎದ್ದು ಹೋದಳು. ಆ ವರ್ಷವೆಲ್ಲ ಮಾಳಿಗೆಯ ಮೇಲೆ ಒಬ್ಬಳೇ ಕುಣಿಯುತ್ತಿದ್ದಳು. ಅವಳ ಹೆಜ್ಜೆಗೆ ಜಂತೆಯ ಮಣ್ಣು ಉದುರಿ ನನ್ನ ಹಿಟ್ಟಿನೊಳಗೆ ಬೀಳುತ್ತಿತ್ತು. ಮರುವರ್ಷ ಶಾಲೆಯವರು ಮತ್ತೆ ಕರೆದಾಗ ಅವರಪ್ಪ, "ದೇವರು ಹೋದ ವರ್ಷ ಬ್ಯಾಡ ಅಂದಾನ, ಹರ ವರ್ಷಕ್ಕ ಅಂದಾನೇನು? ಹೋಗ್ಲಿ ಬಿಡ" ಎಂದರು. ದೇವರನ್ನು ಕೇಳದೆಯೇ ಹೋದಳು. ಆದರೆ ಆ 'ಬೇಡ' ಅವಳ ಬೆನ್ನಿಗೇ ಹೋಯಿತು.

ಉತ್ಸವದ ದಿನ ನಾನೂ ನನ್ನ ಗಂಡನೂ ನಮ್ಮೂರು ಸಂಶಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಧಾರವಾಡಕ್ಕೆ ಹೋದೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು, ಸಭಾಂಗಣದಲ್ಲಿ ಮುಂದಿನ ಸಾಲು ಸಿಕ್ಕಿತು. ಇಂಥವನ್ನೆಲ್ಲ ದೇವರ ದಯೆ ಎಂದು ಎಣಿಸುವುದು ನನ್ನ ಚಟ. ಆಟ ಶುರುವಾಗುವ ಮೊದಲೇ ಎಲ್ಲ ಹೇಳಿಬಿಡುವೆನೆಂದು ಹೊರಟವಳು, ಹೇಳಲಿಲ್ಲ.

"ಇವರಿನ್ನೂ ಕಲಿಯುವವರು, ತಪ್ಪಿದರೆ ತಪ್ಪನ್ನೂ ನೋಡಿ" ಎಂದು ಗುರುಗಳು ಹೇಳಿ ಸರಿದರು. ಗೆಜ್ಜೆ ಇಲ್ಲ, ರೇಷ್ಮೆ ಇಲ್ಲ. ಬೂದಿ ಬಣ್ಣದ ಸಡಿಲ ಬಟ್ಟೆ, ಬರಿಗಾಲು. ಮೊದಮೊದಲು ಸಂಗೀತವೂ ಇರಲಿಲ್ಲ. ಆ ಮಕ್ಕಳ ಉಸಿರು ನಮಗೆ ಕೇಳುತ್ತಿತ್ತು.

ಬಾಜೂ ಕುರ್ಚಿಯ ಹೆಂಗಸು ನನ್ನ ಕಡೆ ಬಾಗಿ, "ಸೀರಿ ಇಲ್ಲ, ಶೃಂಗಾರ ಇಲ್ಲ, ಇದೆಂಥಾ ಕುಣಿತರೀ ಯಕ್ಕಾ?" ಎಂದಳು.

ನನ್ನ ಆಚೆ ಬದಿಯಿಂದ ಇವರು, "ಸುಮ್ಮನ ನೋಡ್ರಿ ಅಕ್ಕಾರ. ಆ ನಡುವಿನಾಕಿ ನಮ್ಮ ಮಗಳು" ಎಂದರು.

ಒಬ್ಬ ಹುಡುಗ ಹಿಂದಕ್ಕೆ, ನೋಡದೆಯೇ ಬಿದ್ದ. ನೀಲಾ ಅವನನ್ನು ಕೈಯಿಂದಲ್ಲ, ಬೆನ್ನಿನಿಂದ ಹಿಡಿದಳು. ತುಂಬಿದ ಚೀಲ ಹೊತ್ತವರು ಏಳುವ ಹಾಗೆ ಮೆಲ್ಲಗೆ ಎದ್ದಳು—ಎದ್ದವಳ ಮೈಯಲ್ಲಿ ಭಾರವೇ ಇರಲಿಲ್ಲ. ಕೊನೆಯ ಸಾಲಿನ ಪುಟ್ಟ ಹುಡುಗಿಯೊಬ್ಬಳು ಹೆಜ್ಜೆ ತಪ್ಪಿ ನಿಂತುಬಿಟ್ಟಳು. ಯಾರೂ ಅವಳನ್ನು ಬಿಟ್ಟು ಮುಂದೆ ಹೋಗಲಿಲ್ಲ. ಎಲ್ಲರೂ ಅಲ್ಲೇ ನಿಂತರು, ಅವಳು ಕಾಲೆತ್ತಿದಾಗ ಎಲ್ಲರೂ ಎತ್ತಿದರು. ಅದು ತಪ್ಪೋ ಕಲಿಸಿದ್ದೋ, ನೋಡುವವರಿಗೆ ತಿಳಿಯದ ಹಾಗೆ. "ಲೇ, ಈ ಹುಡುಗರಿಗೆ ಎಲುಬು ಅದಾವೋ ಇಲ್ಲೋ?" ಎಂದ ಇವರ ಕಣ್ಣು ತುಂಬಿತ್ತು.

ನನಗೆ ಮಾತ್ರ ಒಂದೇ ಯೋಚನೆ. ದೇವರೇ ಬೇಡ ಎಂದಿದ್ದಾನೆಂದು ನಂಬಿಯೂ ಹೀಗೆ ಕುಣಿಯುತ್ತಿದ್ದಾಳಲ್ಲ—ಜನ ಏನೆಂದಾರು ಎಂಬುದಕ್ಕೇ ನಡುಗಿದ ನಾನು ಇವಳ ತಾಯಿಯೇ?

ಆಟ ಮುಗಿದ ಮೇಲೆ ಇವರನ್ನು ಹೊರಗೆ ನಿಲ್ಲಿಸಿ, ವೇದಿಕೆಯ ಹಿಂದೆ, ಬೆವರು ಆರದ ಅವಳ ಮುಂದೆ ಹೇಳಿದೆ. "ಹೂ ಬಲಕ್ಕ ಬಿದ್ದಿತ್ತವ್ವಾ. ನಾನ ಬದಲು ಮಾಡಿದೆ."

"ಹಂಗಾರ ಅಂವ ಹೂಂ ಅಂದಿದ್ದ?"

"ಹೂಂ ಅಂದಿದ್ದ."

ಗೋಡೆಗೆ ಒರಗಿ ಕುಳಿತಳು. ನಕ್ಕಳು, ಅತ್ತಳು, ಎರಡೂ ಕೂಡಿಯೇ. ನಾನು ತಲೆ ಸವರಲು ಕೈ ಚಾಚಿದೆ. ಹಿಂದೆ ಸರಿದಳು. "ಅಪ್ಪಗ ನೀನ ಹೇಳು. ಇನ್ನ ಮ್ಯಾಲೆ ನನ್ನ ಸಲುವಾಗಿ ದೇವರ ಹಂತೇಕ ಏನೂ ಕೇಳಬ್ಯಾಡ ಬೇ. ನನ್ನದು ನಾನ ಕೇಳ್ಕೋತೇನಿ." ಎದ್ದು ಗೆಳತಿಯರ ಕಡೆ ಹೋದಳು. ಅವಳ ನಡಿಗೆ ಹಗುರಾಗಿತ್ತು. ಅಷ್ಟಾದರೂ ಆಯಿತು.

ಊರಿಗೆ ಬಂದು ಇವರಿಗೆ ಹೇಳಿದೆ. ತಾಟು ಮುಂದಿಟ್ಟುಕೊಂಡು ಕೂತವರು ಉಣ್ಣದೆ ಎದ್ದು ಹೊಲಕ್ಕೆ ಹೋದರು.

ಇವತ್ತು ಬೆಳಿಗ್ಗೆ ಜಗಲಿಗೆ ದೀಪ ಹಚ್ಚಿದೆ. ಅವಳು ಹುಟ್ಟಿದಾಗಿನಿಂದ ದಿನವೂ ಮೊದಲು ಬೇಡುತ್ತಿದ್ದದ್ದು ಅವಳಿಗಾಗಿ. ಹೆಸರು ನಾಲಿಗೆಯ ತುದಿಗೆ ಬಂತು—ತಡೆದೆ. ಬರೀ ಕೈ ಮುಗಿದೆ. ಆಮೇಲೆ ಗಿರಣಿಗೆ ಕಳಿಸಬೇಕಾದ ಜೋಳವನ್ನು ಮೊರಕ್ಕೆ ಸುರಿದುಕೊಂಡು, ಕಲ್ಲು ಆರಿಸಲು ಕುಳಿತೆ.